ಸಕ್ಕರೆ ಕಾಯಿಲೆಯವರಿಗೆ ಸಣ್ಣ ಗಾಯವೂ ಸಣ್ಣದಲ್ಲ

ಹೋದ ಶ್ರಾವಣದಲ್ಲಿ ನಮ್ಮತ್ತೆಯವರು ಪೂಜೆಗೆ ಹೂವು ಬಿಡಿಸಲು ಬರಿಗಾಲಲ್ಲಿ ಹಿತ್ತಲಿಗೆ ಹೋದರು. ಒಳಗೆ ಬಂದಾಗ ನಡುಮನೆಯ ತುಂಬ ರಕ್ತದ ಹೆಜ್ಜೆ! ಕಾಲ್ಬೆರಳಿಗೆ ಗಾಜಿನ ಚೂರು ಹೊಕ್ಕಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. “ನೋವೇ ಇಲ್ಲ ಕಣಮ್ಮ, ಇಷ್ಟಕ್ಕೆಲ್ಲ ಡಾಕ್ಟರು ಯಾಕೆ?” ಎನ್ನುತ್ತ ಅರಿಸಿನ ಮೆತ್ತಿಕೊಂಡು ಅಡಿಗೆಮನೆಗೆ ಹೊರಟೇಬಿಟ್ಟರು. ನಾನೂ ಸುಮ್ಮನಾದೆ. ಆರನೆಯ ದಿನ ಪಾದ ಊದಿ ಚಳಿಜ್ವರ ಬಂತು. ಆಸ್ಪತ್ರೆಗೆ ಓಡಿದಾಗ ರಕ್ತದ ಸಕ್ಕರೆ 400ರ ಹತ್ತಿರ. ಕಾಲು ಉಳಿಯಿತು, ಬೆರಳು ಹೋಯಿತು.

“ನೋವಿಲ್ಲ ಅಂದಾಗಲೇ ನೀವು ಹೆದರಬೇಕಿತ್ತು ತಾಯಿ” ಎಂದರು ಡಾಕ್ಟರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಅಂದಮೇಲೆ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ.

ಕಾವಲುಗಾರರು ಮಂಕಾದಾಗ

ಗಾಯದೊಳಗೆ ರೋಗಾಣು ನುಗ್ಗಿದರೆ ರಕ್ತದಲ್ಲಿರುವ ಬಿಳಿಯ ಕಣಗಳು ಅಲ್ಲಿಗೆ ಧಾವಿಸಿ, ಅದನ್ನು ನುಂಗಿ, ಕೊಲ್ಲುತ್ತವೆ. ಸಕ್ಕರೆ ಏರಿಯೇ ಇದ್ದರೆ ಈ ಮೂರು ಕೆಲಸವೂ ಕುಂಟುತ್ತದೆ. ಕಾವಲುಗಾರರು ತಡವಾಗಿ ಬರುತ್ತಾರೆ, ಬಂದರೂ ಕೈಸಾಗದು. ಜೊತೆಗೆ ರಕ್ತನಾಳಗಳು ಕಿರಿದಾಗಿ ಪಾದಕ್ಕೆ ರಕ್ತವೂ ಔಷಧವೂ ಸರಿಯಾಗಿ ತಲುಪುವುದಿಲ್ಲ. ನರಗಳು ಜೋಮು ಹಿಡಿದು ನೋವೇ ತಿಳಿಯುವುದಿಲ್ಲ. ಸೋಂಕು ತಗಲಿತೋ, ಅದರಿಂದಲೇ ಸಕ್ಕರೆ ಇನ್ನಷ್ಟು ಏರುತ್ತದೆ. ಸಕ್ಕರೆ ಏರಿದಷ್ಟೂ ಸೋಂಕಿಗೆ ಬಲ!

ಪಾದವೊಂದೇ ಅಲ್ಲ. ಪದೇಪದೇ ಏಳುವ ಕುರು, ವಸಡಿನ ಕೀವು, ಉರಿಮೂತ್ರ ಇವೆಲ್ಲ ಮಧುಮೇಹಿಗಳನ್ನು ಹೆಚ್ಚಾಗಿ ಕಾಡುತ್ತವೆ. ಕ್ಷಯ ತಗಲುವ ಸಂಭವವೂ ಎರಡು ಮೂರು ಪಟ್ಟು ಹೆಚ್ಚು. ಉರಿಮೂತ್ರವನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವ ಸೋದರಿಯರೇ, ಅದು ಮೂತ್ರಪಿಂಡಕ್ಕೆ ಏರಬಹುದು. ದಯವಿಟ್ಟು ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ನಾವು ಮಾಡಬೇಕಾದ್ದು

* ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದಿ ನೋಡಿ. ಬಗ್ಗಲಾಗದವರು ಕನ್ನಡಿ ಹಿಡಿಯಲಿ, ಇಲ್ಲವೇ ಮನೆಯವರು ನೋಡಲಿ.
* ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಿ. ತೊಳೆದ ಮೇಲೆ ಬೆರಳ ಸಂದಿಯನ್ನು ಒಣಗಿಸಿ ಒರೆಸಿ.
* ಮನೆಯೊಳಗೂ ಚಪ್ಪಲಿ ಇರಲಿ. ದೇವಸ್ಥಾನದ ಸುಡುಗಲ್ಲಿನ ಮೇಲೆ ಮಧ್ಯಾಹ್ನದ ಪ್ರದಕ್ಷಿಣೆ ಬೇಡ. ಬೊಬ್ಬೆ ಎದ್ದರೂ ತಿಳಿಯದು.
* ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ.
* ಗಾಯವಾದರೆ ಶುದ್ಧ ನೀರು, ಸೋಪಿನಿಂದ ತೊಳೆದು, ಒಗೆದ ಬಟ್ಟೆ ಕಟ್ಟಿ ವೈದ್ಯರಿಗೆ ತೋರಿಸಿ. ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಕೆಂಪು, ಊತ, ಕೀವು, ಜ್ವರ ಕಂಡರೆ ಅದೇ ದಿನ ಹೊರಡಿ.
* ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಸಮಾಧಾನದ ಸಂಗತಿಯೂ ಉಂಟು. ಸಕ್ಕರೆ ಹತೋಟಿಗೆ ಬಂದರೆ ಬಿಳಿಯ ಕಣಗಳ ಚುರುಕುತನ ಬಹುಮಟ್ಟಿಗೆ ಮರಳುತ್ತದೆ. ಊಟದ ಮಿತಿ, ನಡಿಗೆ, ಹೊತ್ತಿಗೆ ಸರಿಯಾಗಿ ಔಷಧ ಇವೇ ಆ ಕಾವಲುಗಾರರಿಗೆ ನಾವು ಕೊಡುವ ಬಲ.

ಈಗ ನಮ್ಮನೆಯಲ್ಲಿ ರಾತ್ರಿ ದೀಪ ಆರಿಸುವ ಮುಂಚೆ ಅತ್ತೆಯವರು ಕಾಲು ಚಾಚಿ ಕೂರುತ್ತಾರೆ. “ನೋಡಮ್ಮ, ನಿನ್ನ ಪಹರೆ ಮುಗಿಸು” ಎಂದು ನಗುತ್ತಾರೆ. ನಾನು ಒಂಬತ್ತು ಬೆರಳನ್ನೂ ಒಂದೊಂದಾಗಿ ಬಿಡಿಸಿ ನೋಡುತ್ತೇನೆ. ಎರಡೇ ನಿಮಿಷದ ಕೆಲಸ. ಅವತ್ತೇ ಮಾಡಿದ್ದರೆ ಹತ್ತೂ ಇರುತ್ತಿದ್ದವು.