ಕತ್ತಲ ಕೋಣೆಗೆ ಬಂದ ಕಡಲು

ಗುಡ್ಡದ ಮೇಲೆ ಬಾವುಟ ಹಾರುತ್ತಿದೆ. ಬಿಸಿಲಿದೆ, ಬಾಗಿಲು ತೆರೆದಿದೆ ಎಂದು ಅದರರ್ಥ.

ಇದು ಐರಿಷ್ ಸಮುದ್ರದ ನಡುವಿನ ಮ್ಯಾನ್ ದ್ವೀಪ. ರಾಜಧಾನಿ ಡಗ್ಲಸ್‌ನ ಬಂದರಿಗೆ ಒತ್ತಿಕೊಂಡು, ಕಡಲಿನತ್ತ ಮೂಗು ಚಾಚಿ ನಿಂತ ಗುಡ್ಡ ಡಗ್ಲಸ್ ಹೆಡ್. ಅದರ ಮೇಲೊಂದು ದುಂಡನೆಯ ಮರದ ಮನೆ. ಹೆಸರು ಗ್ರೇಟ್ ಯೂನಿಯನ್ ಕ್ಯಾಮೆರಾ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1892ರಲ್ಲಿ, ರಜೆಗೆ ಬಂದವರ ಕಣ್ಣಿಗೆ ಹಬ್ಬವಾಗಲೆಂದು ಕಟ್ಟಿದ್ದು. ಇದೊಂದು ಕ್ಯಾಮೆರಾ ಅಬ್ಸ್ಕ್ಯೂರಾ; ಹಾಗೆಂದರೆ ಲ್ಯಾಟಿನ್ನಿನಲ್ಲಿ ಕತ್ತಲ ಕೋಣೆ. ಇಲ್ಲಿ ಫಿಲ್ಮ್ ಇಲ್ಲ, ಗುಂಡಿ ಒತ್ತುವ ಕೆಲಸವಿಲ್ಲ. ಕ್ಯಾಮೆರಾದ ಹೊಟ್ಟೆಯೊಳಕ್ಕೆ ನಾವೇ ನಡೆದು ಹೋಗುತ್ತೇವೆ.

ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣದು. ಕೈ ತಡವರಿಸುತ್ತದೆ. ಕಣ್ಣು ಕತ್ತಲಿಗೆ ಒಗ್ಗುತ್ತ ಬಂದಂತೆ ಸೊಂಟದೆತ್ತರದಲ್ಲಿ ಬಿಳಿ ಮೇಜೊಂದು ಮೂಡುತ್ತದೆ. ಮೇಜಿನ ತುಂಬ ಕಡಲು! ನೀಲಿಯ ಮೇಲೆ ಬಿಳಿ ನೊರೆಯ ಗೆರೆ ಎದ್ದು, ದಡಕ್ಕೆ ಬಂದು, ಅಳಿಸಿಹೋಗುತ್ತದೆ. ಸದ್ದು ಮಾತ್ರ ಇಲ್ಲ. ಹುಲ್ಲು ಗಾಳಿಗೆ ಬಾಗಿ ಏಳುತ್ತಿದೆ. ಕಡಲಕ್ಕಿಯೊಂದು ಈ ಅಂಚಿನಿಂದ ಆ ಅಂಚಿಗೆ ತೇಲಿ ಮಾಯವಾಗುತ್ತದೆ. ಅಂಗೈ ಒಡ್ಡಿದರೆ ಬಂದರಿಗೆ ಬರುವ ಹಡಗು ಮೇಜನ್ನು ಬಿಟ್ಟು ಅಂಗೈಯ ಗೆರೆಗಳನ್ನು ದಾಟಿಕೊಂಡು ಹೋಗುತ್ತದೆ.

ಸೂರಿನ ಸುತ್ತ 11 ಮಸೂರಗಳು, ಕೆಳಗೆ ಅಷ್ಟೇ ಮೇಜುಗಳು. ಒಂದೊಂದರ ಮುಂದೆಯೂ ನಿಲ್ಲುತ್ತ ಕೋಣೆಯನ್ನು ಪ್ರದಕ್ಷಿಣೆ ಹಾಕಿದರೆ ಗುಡ್ಡದ ಸುತ್ತಣ ಲೋಕವೆಲ್ಲ ತುಣುಕು ತುಣುಕಾಗಿ ಎದುರಾಗುತ್ತದೆ. ಆಗೆಲ್ಲ ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿಗಿರಣಿಗಳ ಕೆಲಸಗಾರರು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಲಿವರ್‌ಪೂಲ್‌ನಿಂದ ಹಬೆಹಡಗು ಹತ್ತಿ ಬಂದು ಇಳಿಯುತ್ತಿದ್ದ ದ್ವೀಪವಿದು. ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ಟಿಟ್ಟು ಸಿನಿಮಾ ತೋರಿಸಿದ್ದು 1895ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಈ ಜನ ಇಲ್ಲಿ ಚಲಿಸುವ, ಬಣ್ಣ ತುಂಬಿದ ಚಿತ್ರ ನೋಡಿದರು. ಯಾರೂ ಕಾಣರೆಂದು ಇಳಿಜಾರಿನ ಹುಲ್ಲಿನಲ್ಲಿ ಕೂತ ಜೋಡಿಗಳೂ ಆ ಚಿತ್ರದೊಳಗೆ ಇರುತ್ತಿದ್ದರು.

ಹಂಪಿಗೆ ಹೋದವರಿಗೆ ಈ ವಿಸ್ಮಯ ಹೊಸದಲ್ಲ. ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ರಾಜಗೋಪುರವನ್ನು ತಲೆಕೆಳಗಾಗಿ ಗೋಡೆಯ ಮೇಲಿಡುತ್ತದೆ. ನಾವು ನೆರಳು ಎನ್ನುತ್ತೇವೆ. ನಿಜಕ್ಕೂ ಅದು ಬೆಳಕೇ ಬರೆದ ಬಿಂಬ. ಬೆಳಕಿನದು ನೇರ ನಡೆ. ಕಳಸದಿಂದ ಹೊರಟದ್ದು ಕಿಂಡಿ ದಾಟಿ ಕೆಳಗಿಳಿಯುತ್ತದೆ, ಬುಡದಿಂದ ಹೊರಟದ್ದು ಮೇಲೇರುತ್ತದೆ. ಡಗ್ಲಸ್‌ನಲ್ಲಿ ಕಿಂಡಿಯ ಜಾಗಕ್ಕೆ ಮಸೂರ ಬಂದಿದೆ; ಅದು ಹೆಚ್ಚು ಬೆಳಕನ್ನು ಹಿಡಿದು ಬಿಂಬವನ್ನು ಚೂಪಾಗಿಸುತ್ತದೆ. ಜೊತೆಗಿರುವ ಓರೆ ಕನ್ನಡಿ ಆ ಬೆಳಕನ್ನು ಕೆಳಕ್ಕೆ ತಿರುಗಿಸಿ ಮೇಜಿನ ಮೇಲೆ ಹಾಸುತ್ತದೆ.

ಕೊಲ್ಲಿಯತ್ತ ಮುಖ ಮಾಡಿದ ಮೇಜಿನಲ್ಲಿ, ನೀರಿನ ನಡುವೆ, ಉಗುರಿನಷ್ಟು ಪುಟ್ಟ ಕೋಟೆಯೊಂದಿದೆ. ಕೊನಿಸ್ಟರ್ ಬಂಡೆಯ ಮೇಲಿನ ಆಸರೆಯ ಗೋಪುರ ಅದು. ಉಬ್ಬರದಲ್ಲಿ ಮುಳುಗುವ ಆ ಬಂಡೆಗೆ ಬಡಿದು ಹಡಗುಗಳು ಒಡೆಯುವುದನ್ನು ಈ ಊರಿನಲ್ಲಿದ್ದ ವಿಲಿಯಂ ಹಿಲರಿ ಕಂಡಿದ್ದರು. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆ 1824ರಲ್ಲಿ ಹುಟ್ಟಿದ್ದು ಅವರ ಪ್ರಯತ್ನದಿಂದಲೇ. ಒಡೆದ ಹಡಗಿನವರು ಹತ್ತಿ ಕೂತು ಜೀವ ಉಳಿಸಿಕೊಳ್ಳಲೆಂದು 1832ರಲ್ಲಿ ಈ ಗೋಪುರವೂ ಎದ್ದಿತು. ನೋಡಿದ್ದು ಮನಸ್ಸಿಗೆ ತಾಗಿದ್ದರಿಂದ ಕಟ್ಟಿದ ಗೋಪುರವದು. ಈಗ ನೋಡುವುದಕ್ಕೆಂದೇ ಇರುವ ಮೇಜಿನ ಮೇಲೆ ಬಂದು ಕೂತಿದೆ.

ಈ ಮರದ ಮನೆಯೂ ಉಳಿಯಿತು. ಹಾಳು ಬಿದ್ದಿದ್ದ ಇದನ್ನು ದ್ವೀಪದ ಸರ್ಕಾರ ಕೊಂಡು ದುರಸ್ತಿ ಮಾಡಿಸಿ, 2005ರಲ್ಲಿ ಮತ್ತೆ ಬಾಗಿಲು ತೆರೆಸಿತು. ಸ್ವಯಂಸೇವಕರು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ.

ಮೋಡವೊಂದು ಸೂರ್ಯನಿಗೆ ಅಡ್ಡ ಬರುತ್ತದೆ. ಮೇಜಿನ ನೀಲಿ ಬೂದುಬಣ್ಣವಾಗಿ, ಹಡಗು ಮಸುಕಾಗಿ, ಗೋಪುರ ಕರಗುತ್ತದೆ. ಇಷ್ಟು ಹೊತ್ತು ನೋಡಿದ್ದರಲ್ಲಿ ಒಂದು ಅಲೆಯೂ ಮೇಜಿನಲ್ಲಿ ಉಳಿದಿಲ್ಲ. ಆದರೂ ಯಾರೂ ಹೊರಡುವುದಿಲ್ಲ. ಬಿಳಿ ಹಲಗೆಯ ಸುತ್ತ ನಿಂತು, ಕತ್ತಲಲ್ಲಿ, ಬಿಸಿಲಿಗೆ ಕಾಯುತ್ತಾರೆ.