ಉಬ್ಬಿದ ಬ್ಯಾಟರಿ: ಬೆಂಕಿಗೆ ಮುನ್ನವೇ ಎಚ್ಚರ

ಕಳೆದ ಬೇಸಿಗೆಯಲ್ಲಿ ತಿಕೋಟಾ ಕಡೆಯ ರೈತರೊಬ್ಬರು ಕೈ ಸುಟ್ಟುಕೊಂಡು ನಮ್ಮ ದವಾಖಾನೆಗೆ ಬಂದರು. ದಿಂಬಿನ ಬಳಿ ಚಾರ್ಜಿಗೆ ಇಟ್ಟ ಮೊಬೈಲು ರಾತ್ರಿ ಹೊತ್ತಿಕೊಂಡಿತ್ತು. ಗಾಯಕ್ಕೆ ಟೂತ್‌ಪೇಸ್ಟ್ ಮೆತ್ತಿದ್ದರು. "ಬ್ಯಾಟರಿ ಎರಡು ತಿಂಗಳಿಂದ ಉಬ್ಬಿತ್ರಿ ಸಾಹೇಬ್ರ, ಆದ್ರ ಫೋನ್ ಛಲೋ ನಡೀತಿತ್ರಿ" ಎಂದರು. ಅಪಾಯ ಇದ್ದದ್ದು ಈ 'ನಡೀತಿತ್ತು' ಎಂಬ ಮಾತಿನಲ್ಲೇ.

ಮೊಬೈಲಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ವಿದ್ಯುತ್ ಸ್ಕೂಟರಿನಲ್ಲಿ ಇಂತಹ ಅನೇಕ ಕೋಶಗಳನ್ನು ಒಟ್ಟಿಗೆ ಜೋಡಿಸಿರುತ್ತಾರೆ. ಪ್ರತಿ ಕೋಶದೊಳಗೆ ಎರಡು ಧ್ರುವಗಳು, ನಡುವೆ ತೆಳು ಪ್ಲಾಸ್ಟಿಕ್ ಪೊರೆ, ಸುತ್ತ ಬೆಂಕಿ ತಗುಲುವ ದ್ರವ. ಪೆಟ್ಟು, ಅತಿಯಾದ ಚಾರ್ಜು ಅಥವಾ ತಯಾರಿಕೆಯ ದೋಷದಿಂದ ಪೊರೆ ಹಾಳಾದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಶಾಖ ಏರಿದಂತೆ ಒಳಗಿನ ರಾಸಾಯನಿಕಗಳು ಒಡೆದು ಇನ್ನಷ್ಟು ಶಾಖ ಹುಟ್ಟಿಸುತ್ತವೆ. ಇದೇ 'ಥರ್ಮಲ್ ರನ್‌ಅವೇ'. ಲಗಾಮು ಹರಿದ ಕುದುರೆಯ ಓಟ. ಆಮೇಲೆ ಪ್ಲಗ್ ಕಿತ್ತರೂ ನಿಲ್ಲದು. ಒಂದು ಕೋಶದ ಬೆಂಕಿ ಪಕ್ಕದ್ದಕ್ಕೂ ಹಬ್ಬುತ್ತದೆ. ಬ್ಯಾಟರಿ ಉಬ್ಬುವುದೆಂದರೆ ಒಳಗೆ ಅನಿಲ ತುಂಬಿದೆ ಎಂದರ್ಥ.

2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಸರಕಾರ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಬ್ಯಾಟರಿಯನ್ನು ಅಲುಗಾಡಿಸಿ, ಕಾಯಿಸಿ, ಶಾರ್ಟ್ ಮಾಡಿ, ಅತಿಯಾಗಿ ಚಾರ್ಜು ಮಾಡಿ ನೋಡುತ್ತಾರೆ. ಒಂದು ಕೋಶವನ್ನು ಬೇಕೆಂದೇ ಕೆಡಿಸಿ, ಇಡೀ ಪೆಟ್ಟಿಗೆ ಹೊತ್ತಿಕೊಳ್ಳದೇ ಇದೆಯೇ ಎಂದೂ ಪರೀಕ್ಷಿಸುತ್ತಾರೆ. ಆದರೆ ಈ ಪರೀಕ್ಷೆ ಕಂಪನಿಯ ಬ್ಯಾಟರಿಗೆ ಮಾತ್ರ. ಬಿದ್ದು ಜಜ್ಜಿದ್ದಕ್ಕೆ, ಸಿಕ್ಕಲ್ಲಿ ಬಿಚ್ಚಿ ರಿಪೇರಿ ಮಾಡಿಸಿದ್ದಕ್ಕೆ ಆ ಭರವಸೆ ಉಳಿಯದು.

2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ವಿದ್ಯುತ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಯುವತಿ ಒಳಗೇ ಸಿಲುಕಿ ತೀರಿಕೊಂಡಳು. ಇಂತಹ ಬೆಂಕಿಯಲ್ಲಿ ಸುಡುವುದಷ್ಟೇ ಅಲ್ಲ, ಹೊಗೆಯೂ ವಿಷ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್, ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಇರಬಹುದು. ಕೆಲವರಿಗೆ ಉಬ್ಬಸ ಕೆಲವು ತಾಸುಗಳ ನಂತರ ಶುರುವಾಗುತ್ತದೆ. ಹೊಗೆ ಕುಡಿದವರನ್ನು ಆರಾಮವಾಗಿದ್ದಾರೆಂದು ಮನೆಯಲ್ಲೇ ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ವಿಜಯಪುರದ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ಓಡಿಸಿ ತಂದ ಸ್ಕೂಟರನ್ನು ನೆರಳಲ್ಲಿ ತಣಿಸಿ, ಬಳಿಕ ಚಾರ್ಜಿಗೆ ಹಾಕಿ. ಬಬಲೇಶ್ವರ, ತಿಕೋಟಾದ ತೋಟಗಳ ಕಾದ ತಗಡಿನ ಶೆಡ್ಡು ಚಾರ್ಜಿಗೆ ಯೋಗ್ಯ ಜಾಗವಲ್ಲ. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಇಡಬೇಡಿ. ಮನೆಯಿಂದ ಹೊರಬರುವ ಬಾಗಿಲಲ್ಲಿ, ಜಿನೆಯ ಕೆಳಗೆ ಅಂತೂ ಬೇಡವೇ ಬೇಡ. ಕಂಪನಿಯ ಚಾರ್ಜರನ್ನೇ ಬಳಸಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಕಸದ ತೊಟ್ಟಿಗೆ ಹಾಕಬೇಡಿ. ಸರ್ವೀಸ್ ಸೆಂಟರಿಗೆ ಒಪ್ಪಿಸಿ.

ಸ್ಕೂಟರಿನ ಬ್ಯಾಟರಿಯಿಂದ ಹೊಗೆ ಅಥವಾ ಸಿಳ್ಳಿನ ಸದ್ದು ಬಂದರೆ ವಾಹನ ಉಳಿಸಲು ಹೋಗಬೇಡಿ. ಮಕ್ಕಳನ್ನು, ಹಿರಿಯರನ್ನು ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ.

ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಉಂಗುರ, ಬಳೆ ತೆಗೆಯಿರಿ. ಟೂತ್‌ಪೇಸ್ಟ್, ಅರಿಷಿಣ, ಶಾಯಿ ಹಚ್ಚಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಬನ್ನಿ. ಬ್ಯಾಟರಿಯಿಂದ ಸುಟ್ಟದ್ದೆಂದು ಮರೆಯದೆ ಹೇಳಿ. ಅದರ ರಾಸಾಯನಿಕಕ್ಕೆ ಚಿಕಿತ್ಸೆ ಬೇರೆಯೇ ಇದೆ.

ಆ ರೈತರ ಗಾಯ ಮೂರು ವಾರದಲ್ಲಿ ಮಾಯಿತು. ಪಕ್ಕದಲ್ಲೇ ಮಲಗಿದ್ದ ಮೊಮ್ಮಗುವಿಗೆ ಏನೂ ಆಗಲಿಲ್ಲ. ಇವತ್ತೇ ನಿಮ್ಮ ಮನೆಯ ಫೋನುಗಳ ಬೆನ್ನನ್ನು ಒಮ್ಮೆ ಮುಟ್ಟಿ ನೋಡಿ.