ವಾಘೋಲಿಯ ನೀಲಿ ಹರಳು: ಅಪರೂಪ ಯಾವುದು?

ಒಂದು ಖನಿಜ ಅಪರೂಪ ಎಂದ ಕೂಡಲೇ ಅದರೊಳಗೆ ಎಲ್ಲೂ ಸಿಗದ ಧಾತು ಇರಬೇಕು, ಹಾಗಾಗಿ ಅದು ಬೆಲೆಬಾಳುವ ರತ್ನವೇ ಆಗಿರಬೇಕು ಎಂದು ಬಹಳ ಜನ ನಂಬುತ್ತಾರೆ. ಪುಣೆ ಪಕ್ಕದ ವಾಘೋಲಿಯ ಕಲ್ಲು ಕ್ವಾರಿಗಳಲ್ಲಿ ಸಿಕ್ಕ ಕಡುನೀಲಿ ಹರಳು ಕ್ಯಾವನ್ಸೈಟ್ ಈ ಎರಡೂ ನಂಬಿಕೆಗಳನ್ನು ಸುಳ್ಳು ಮಾಡುತ್ತದೆ. ಹೆಸರಿನಲ್ಲೇ ಅದರ ಜಾತಕವಿದೆ: ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕೇಟ್. ಕ್ಯಾಲ್ಸಿಯಂ ಸುಣ್ಣದಲ್ಲಿದೆ, ಸಿಲಿಕಾ ಹೊಳೆಯ ಮರಳಿನಲ್ಲಿದೆ. ವೆನೇಡಿಯಂ ಹೆಸರು ಹೊಸದೆನಿಸಿದರೂ ಭೂಮಿಯ ಹೊರಪದರದಲ್ಲಿ ಅದು ತಾಮ್ರಕ್ಕಿಂತ ಹೆಚ್ಚಿದೆ. ನೀಲಿ ಕಂಡೊಡನೆ ಮೈಲುತುತ್ತ ನೆನಪಾಗಿ, ಇದೂ ತಾಮ್ರದ ಬಣ್ಣವೆಂದುಕೊಳ್ಳುವವರಿದ್ದಾರೆ. ಇಲ್ಲಿ ಬಣ್ಣ ಕೊಟ್ಟಿರುವುದು ವೆನೇಡಿಯಂ.

ಸಾಮಗ್ರಿ ಇಷ್ಟು ಸಾಮಾನ್ಯವಾದರೆ ಹರಳೇಕೆ ಅಪರೂಪ? ಅವೆಲ್ಲ ಹದವಾಗಿ ಕೂಡಿಬರುವ ಸಂದರ್ಭ ಅಪರೂಪ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ದಖ್ಖನ್ನಿನ ಕಪ್ಪು ಕಲ್ಲಾಯಿತು. ಆಮೇಲೆ ಅದರ ಬಿರುಕು, ಪೊಳ್ಳುಗಳಲ್ಲಿ ಖನಿಜ ಕರಗಿದ ಬಿಸಿನೀರು ಹರಿದು ಹರಳುಗಳನ್ನು ಬೆಳೆಸಿತು. ಹೆಚ್ಚಿನ ಕಡೆ ಬೆಳೆದವು ಸ್ಟಿಲ್ಬೈಟ್, ಕ್ಯಾಲ್ಸೈಟ್‌ಗಳಂಥ ಖನಿಜಗಳು. ವೆನೇಡಿಯಂ ಸಾಮಾನ್ಯವಾಗಿ ಬೇರೆ ಖನಿಜಗಳೊಳಗೆ ಚೂರುಚೂರಾಗಿ ಹಂಚಿಹೋಗಿರುತ್ತದೆ. ಅದು ಕರಗಿ ಒಂದೆಡೆ ಸೇರಬೇಕು, ಆಮ್ಲಜನಕವೂ ಹೆಚ್ಚಾಗದೆ ಹದದಲ್ಲಿರಬೇಕು. ಆಗ ಬಿಳಿ ಸ್ಟಿಲ್ಬೈಟ್ ಮೇಲೆ ನೀಲಿ ಗೊಂಚಲು ಮೂಡುತ್ತದೆ. ಅಷ್ಟೂ ಕೂಡಿಬಂದರೂ ಪರಮಾಣುಗಳ ಜೋಡಣೆ ತುಸು ಬದಲಾದರೆ ಹುಟ್ಟುವುದು ಪೆಂಟಗೊನೈಟ್ ಎಂಬ ಬೇರೆಯೇ ಖನಿಜ. ಅದೂ ವಾಘೋಲಿಯಲ್ಲಿ ಸಿಕ್ಕಿದೆ. ಅದೇ ಕಪ್ಪು ಕಲ್ಲು ನಮ್ಮ ಬೀದರ್, ವಿಜಯಪುರ, ಬೆಳಗಾವಿಗಳಲ್ಲೂ ಇದೆಯಲ್ಲ, ಅಲ್ಲೂ ಕ್ಯಾವನ್ಸೈಟ್ ಸಿಗಬೇಕಲ್ಲವೇ ಎಂದು ಕೇಳಬಹುದು. ಕಲ್ಲೊಂದೇ ಸಾಕಾಗಿದ್ದರೆ, ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿರುವ ಈ ಶಿಲೆಯಲ್ಲಿ ವಾಘೋಲಿಗೊಂದಕ್ಕೇ ಈ ಹೆಸರು ಬರುತ್ತಿರಲಿಲ್ಲ. ಹಾಗೆಂದು ಈ ಹರಳು ವಾಘೋಲಿಯೊಂದರ ಸ್ವತ್ತು ಎನ್ನುವುದೂ ತಪ್ಪು. 1973ರಲ್ಲಿ ವಿಜ್ಞಾನಿಗಳು ಮೊದಲು ವಿವರಿಸಿದ ಮಾದರಿಗಳು ಅಮೆರಿಕದ ಒರೆಗಾನ್ ರಾಜ್ಯದವು. ಅಲ್ಲೂ ಇದ್ದದ್ದು ಜ್ವಾಲಾಮುಖಿ ಶಿಲೆಯೇ.

ಇಷ್ಟು ಅಪರೂಪವಾದದ್ದನ್ನು ರತ್ನವೆಂದರೆ ತಪ್ಪೇನು ಎಂಬ ಆಕ್ಷೇಪ ಉಳಿಯುತ್ತದೆ. ಸಂಗ್ರಹಕಾರರು ಇದಕ್ಕೆ ಒಳ್ಳೆಯ ಬೆಲೆ ಕೊಡುವುದೂ ನಿಜ. ಆದರೆ ಆಭರಣದ ಕಲ್ಲು ಬಾಳಿಕೆ ಬರಬೇಕು. ಗಡಸುತನದ ಮೋಸ್ ಅಳತೆಯಲ್ಲಿ ನೀಲಮಣಿ 9, ಕ್ಯಾವನ್ಸೈಟ್ 3ರಿಂದ 4. ಧೂಳಿನಲ್ಲಿರುವ ಮರಳಿನ ಕಣವೇ 7. ಒರೆಸಿದರೂ ಗೀರು ಬೀಳುತ್ತದೆ. ಈ ಹರಳು ನಿಮ್ಮ ಕೈಗೆ ಬಂದರೆ ಉಂಗುರಕ್ಕೆ ಕೂರಿಸಬೇಡಿ, ಅದು ಬೆಳೆದ ಕಲ್ಲಿನ ಸಮೇತ ಹಾಗೆಯೇ ಇಡಿ.